ಬೋರಲು ಮಲಗುತ್ತಿದ್ದ ಅಕ್ಕನಿಗೆ

ಚಾಂಪಿಯನ್ ರೀಫ್ಸ್
ಭಾನುವಾರ, ಮಧ್ಯಾಹ್ನ ಎರಡೂವರೆ

ಸುಮಕ್ಕಾ,

ಬಂಗಾರಪೇಟೆಗೂ ಚಾಂಪಿಯನ್‌ಗೂ ನಡುವೆ ಇರುವುದು ಮುಕ್ಕಾಲು ಗಂಟೆಯ ರೈಲು ದಾರಿ. ಇಬ್ಬರ ಕೈಯಲ್ಲೂ ಫೋನಿದೆ. ಹಾಗಿದ್ದೂ ಕಾಗದ ಬರೆದು, ಅದನ್ನು ಚಲಪತಿ ಭಾವನ ಟಿಫನ್ ಬ್ಯಾಗಿನಲ್ಲಿಟ್ಟು ಕಳಿಸುತ್ತಿರುವ ತಮ್ಮನನ್ನು ನೋಡಿ ನೀನು ನಗುತ್ತೀಯೋ, ಹಲ್ಲು ಕಚ್ಚುತ್ತೀಯೋ ಗೊತ್ತಿಲ್ಲ. ನನಗೆ ಸ್ಟೋರ್ಸಿನಲ್ಲಿ, ಭಾವನಿಗೆ ಕ್ಯಾಂಟೀನಿನಲ್ಲಿ, ಇಬ್ಬರಿಗೂ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ ಇರುವುದು ಇಂಥ ಹೊತ್ತಿಗೆ ಅನುಕೂಲ. ಫೋನಿನಲ್ಲಾದರೆ ನಿನ್ನದು ಎರಡೇ ಮಾತು. ಅಮ್ಮ ಹೇಗಿದ್ದಾಳೆ, ಮಗು ಹೇಗಿದೆ. ಮೂರನೆಯ ಮಾತಿಗೆ ಫೋನು ಭಾವನ ಕೈಗೆ ಹೋಗಿರುತ್ತದೆ. ಏಳು ತಿಂಗಳಿಂದ ಹೀಗೇ ನಡೆದಿದೆ. ತಪ್ಪು ನನ್ನದೂ ಇದೆ. ಎದುರಿಗೆ ಸಿಕ್ಕರೆ ನಾನು ಮಾತಿಗೆ ಮೊದಲು ತಮಾಷೆ ಹುಡುಕುತ್ತೇನೆ. ಕಾಗದದಲ್ಲಿ ನಗುವವರು ಎದುರಿಗಿರುವುದಿಲ್ಲವಲ್ಲ, ಹಾಗಾಗಿ ಸ್ವಲ್ಪ ನಿಜ ಹೇಳಬಹುದು ಅಂದುಕೊಂಡಿದ್ದೇನೆ.

ಚಂದನ್ ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದ್ದಾನೆ. ಮೊಣಕಾಲು ಹೊಟ್ಟೆಯ ಕೆಳಗೆ ಮಡಚಿ, ಅಂಡು ಮೇಲೆ ಮಾಡಿ, ಒಂದು ಕೆನ್ನೆಯನ್ನು ಚಾಪೆಗೆ ಒತ್ತಿ, ಕತ್ತನ್ನು ಹಿಂದಕ್ಕೆ ಎತ್ತಿಕೊಂಡು. ಐದು ವರ್ಷದ ಹುಡುಗ, ಬಾಯಿ ಅರ್ಧ ತೆರೆದಿದೆ. ಗೊರಕೆ ಮಾತ್ರ ನಮ್ಮ ಅಪ್ಪನದೇ. ನಾನು ಅವನನ್ನು ಮುಟ್ಟಿಲ್ಲ. ಕೈಗೆ ಪೆನ್ನು ಕೊಟ್ಟಿರುವುದೂ ಅದಕ್ಕೇ. ಸುಮ್ಮನೆ ಬಿಟ್ಟರೆ ಈ ಬಲಗೈ ತಾನಾಗಿ ಹೋಗಿ ಮಗುವಿನ ಹೆಗಲು ಹಿಡಿದು ಅಂಗಾತ ಮಾಡಿಬಿಡುತ್ತದೆ. ಆ ಕೆಲಸ ಅದಕ್ಕೆ ಎಷ್ಟು ವರ್ಷದ ಅಭ್ಯಾಸ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನಮ್ಮ ಲೈನ್ ಮನೆಯ ಮಧ್ಯಾಹ್ನಗಳು ನಿನಗೆ ನೆನಪಿವೆಯಾ ಅಕ್ಕ? ಈಗ ಹಿಂದುಗಡೆ ಒಂದು ಕೋಣೆ ಕಟ್ಟಿಸಿದ್ದೇನೆ, ತಗಡಿನ ಬದಲು ಶೀಟು ಬಂದಿದೆ, ಆದರೂ ಎರಡು ಗಂಟೆಯ ಬಿಸಿಲು ಅದೇ ಕಿಟಕಿಯಿಂದ ಬಂದು ಅದೇ ಗೋಡೆಯ ಮೇಲೆ ಬೀಳುತ್ತದೆ. ಅಪ್ಪನಿಗೆ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಇದ್ದ ವಾರಗಳಲ್ಲಿ ಈ ಮನೆಯ ರಾತ್ರಿ ಮಧ್ಯಾಹ್ನ ಆಗುತ್ತಿತ್ತು. ಅಮ್ಮ ಬಾಗಿಲಿಗೆ ಗೋಣಿ ತಾಟನ್ನು ನೀರಿನಲ್ಲಿ ಅದ್ದಿ ತೂಗುಹಾಕುತ್ತಿದ್ದಳು. ಸೊಪ್ಪಿನವಳು ಬಂದರೆ ಕೂಗುವ ಮೊದಲೇ ಅಮ್ಮ ಹೊರಗೆ ಓಡಿ ಕೈಸನ್ನೆ ಮಾಡುತ್ತಿದ್ದಳು. ಇಡೀ ಸಾಲಿನಲ್ಲಿ ಯಾರ ಮನೆಯಲ್ಲಿ ಯಾರು ಯಾವ ಪಾಳಿ ಅಂತ ಎಲ್ಲರಿಗೂ ಗೊತ್ತಿತ್ತು, ನಾಯಿಗಳಿಗೂ ಗೊತ್ತಿತ್ತೇನೋ. ರಜೆಯ ದಿನ ನಾವಿಬ್ಬರೂ ಅಪ್ಪನ ಪಕ್ಕದಲ್ಲಿ ಮಲಗಬೇಕು. ನಿದ್ದೆ ಬರದಿದ್ದರೂ ಮಲಗಬೇಕು, ಅದು ಅಪ್ಪನ ಕಾನೂನು. ನನಗೆ ಬರುತ್ತಿರಲಿಲ್ಲ. ನಿನಗೆ ತಲೆ ಚಾಪೆಗೆ ತಾಗುವ ಮೊದಲೇ ಬಂದಿರುತ್ತಿತ್ತು. ಆ ಕಡೆ ಅಪ್ಪನ ಗೊರಕೆ, ಈ ಕಡೆ ನಿನ್ನದು, ನಡುವೆ ನಾನು. ಅಪ್ಪನದು ಒಂದೇ ಸಮನೆ ಸಾಗುತ್ತಿತ್ತು. ನಿನ್ನದು ಏರಿ ಏರಿ ಒಮ್ಮೆಗೇ ನಿಂತುಹೋಗುತ್ತಿತ್ತು. ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಎಂಟು, ಒಂಬತ್ತು, ಹತ್ತು. ಆಮೇಲೆ ನೀನು ನೀರಿನಿಂದ ಮೇಲೆದ್ದವಳ ಹಾಗೆ ಒಂದು ದೊಡ್ಡ ಉಸಿರು ಎಳೆದುಕೊಂಡು, ಹೊರಳಿ, ಬೋರಲಾಗಿ, ಕತ್ತು ಎತ್ತಿಕೊಂಡು ಮತ್ತೆ ಮಲಗುತ್ತಿದ್ದೆ. ಅದು ನನಗೆ ಆಟವಾಗಿತ್ತು. ಒಂದು ದಿನ ಹದಿನೇಳರವರೆಗೆ ಎಣಿಸಿ ಖುಷಿಯಿಂದ ಅಮ್ಮನಿಗೆ ಹೇಳಲು ಓಡಿದ್ದೆ. ಅಪ್ಪ ಎದ್ದುಬಿಡ್ತಾರೆ ಅಂತ ಅಮ್ಮ ಬಾಯಿ ಮುಚ್ಚಿಸಿದ್ದಳು.

ಈ ಮನೆಯಲ್ಲಿ ಬೋರಲು ಮಲಗಬಾರದು ಅನ್ನುವ ಮಾತು ಎಲ್ಲಿಂದ ಬಂತು ಅಂತ ನಿನಗೆ ನನಗಿಂತ ಮೊದಲೇ ಗೊತ್ತಿತ್ತು. ಪಕ್ಕದ ಮನೆಯ ಸೆಲ್ವರಾಜ್ ಮಾಮ ಹೋದಾಗ ನನಗೆ ನಾಲ್ಕು ವರ್ಷ, ನಿನಗೆ ಒಂಬತ್ತು. ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ಇಳಿಯುತ್ತಿದ್ದವರು. ಕೆಳಗೆ ಬಂಡೆ ಸಿಡಿದಾಗ ಇಲ್ಲಿ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವು, ಆವತ್ತು ಅಮ್ಮನ ಸ್ಟೀಲ್ ಡಬ್ಬಗಳೆಲ್ಲ ಕೆಳಗೆ ಬಿದ್ದವಂತೆ. ಹುಡುಕಲು ಹೋದ ನಾಲ್ಕು ಜನರಲ್ಲಿ ಅಪ್ಪನೂ ಒಬ್ಬ. ಮಾಮ ಬೋರಲು ಮಲಗಿದ್ದರು, ಮೈಮೇಲೆ ಒಂದು ಗಾಯವಿಲ್ಲ, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು ನಿದ್ದೆ ಹೋದ ಹಾಗಿದ್ದರು. ತಿರುಗಿಸಿದ್ದು ಅಪ್ಪ. ಅದರ ಬಗ್ಗೆ ಅಪ್ಪ ಆಡಿದ್ದು ಜೀವಮಾನದಲ್ಲಿ ಒಂದೇ ಮಾತು, ಅದೂ ಅಮ್ಮನ ಹತ್ತಿರ. "ತಿರುಗಿಸೋ ಒತ್ಗೆ ತಡ ಆಗೋಗಿತ್ತು ಕಾಂತಾ."

ಆಮೇಲಿಂದ ಅಪ್ಪ ತಡ ಮಾಡಲಿಲ್ಲ. ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುವ ಮೊದಲು ನಮ್ಮನ್ನು ನೋಡುತ್ತಿದ್ದ. ನಾನು ಹೇಗೆ ಮಲಗಿಸಿದರೆ ಹಾಗೆ ಬಿದ್ದಿರುವವನು. ನಿನ್ನನ್ನು ಮಾತ್ರ ತಿರುಗಿಸಲೇಬೇಕಿತ್ತು. ಅವನಿಲ್ಲದ ಹೊತ್ತಿನ ಕಾವಲಿಗೆ ನನ್ನನ್ನು ನೇಮಿಸಿದ. ಸಂಬಳ ಅಂದರೆ ಗಣಿ ಕ್ಯಾಂಟೀನಿನ ಒಂದು ಬನ್ನು, ಅಪ್ಪ ಅರ್ಧ ತಿಂದು ಅರ್ಧ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದ. ಐದು ವರ್ಷದವನಿಗೆ ಅಕ್ಕನನ್ನು ಉರುಳಿಸುವ ಅಧಿಕಾರ ಸಿಕ್ಕರೆ ಬಿಡುತ್ತಾನಾ? ಎರಡು ಕೈಯಲ್ಲಿ ನಿನ್ನ ಹೆಗಲು ಹಿಡಿದು, ಕಾಲು ಗೋಡೆಗೆ ಕೊಟ್ಟು, ದಮ್ಮು ಕಟ್ಟಿ ನೂಕುತ್ತಿದ್ದೆ. ನೀನು ಒಂದು ದಿನವೂ ನನಗೆ ಹೊಡೆಯಲಿಲ್ಲ. ಕಣ್ಣು ಬಿಟ್ಟು, ನನ್ನನ್ನು ನೋಡಿ, ಅಂಗಾತವೇ ಇರಲು ಪ್ರಯತ್ನಪಟ್ಟು, ನಿದ್ದೆ ಬಂದ ಮೇಲೆ ಮತ್ತೆ ಹೊರಳುತ್ತಿದ್ದೆ. ನಾನು ಮತ್ತೆ ನೂಕುತ್ತಿದ್ದೆ. ಅರ್ಧ ಬನ್ನಿಗೆ ಅಷ್ಟು ನಿಯತ್ತಾಗಿ ದುಡಿದವನು ಇಡೀ ಚಾಂಪಿಯನ್ನಿನಲ್ಲಿ ಇನ್ನೊಬ್ಬನಿರಲಿಲ್ಲ.

ಅದೂ ಸಾಲದೆ ಅಮ್ಮ ಆ ಫ್ರಾಕು ಹೊಲಿದಳು. ನೀಲಿ ಬಣ್ಣದ್ದು, ಕುತ್ತಿಗೆಗೆ ಬಿಳಿ ಪಟ್ಟಿ. ಎದೆಯ ಮೇಲೆ ಒಳಗಡೆಯಿಂದ ಒಂದು ಪುಟ್ಟ ಚೀಲ ಇಟ್ಟು, ಅದರ ತುಂಬ ಹುಣಸೆ ಬೀಜ ತುಂಬಿ, ಬಾಯಿ ಹೊಲಿದುಬಿಟ್ಟಿದ್ದಳು. ಬೋರಲಾದರೆ ಒತ್ತಬೇಕು, ಒತ್ತಿದರೆ ಎಚ್ಚರವಾಗಬೇಕು, ಎಚ್ಚರವಾದರೆ ನೀನೇ ಅಂಗಾತ ಆಗಬೇಕು. ಅಮ್ಮನ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಎರಡು ವರ್ಷ ನೀನು ಅದನ್ನು ಹಾಕಿಕೊಂಡು ಮಲಗಿದೆ. ಬೆಳಗ್ಗೆ ಎದ್ದಾಗ ನಿನ್ನ ಎದೆಯ ಮೇಲೆ ಬೀಜದ ಗುರುತುಗಳು ಕೆಂಪಗೆ ಮೂಡಿರುತ್ತಿದ್ದವು, ನಾನು ಅವನ್ನೂ ಎಣಿಸುತ್ತಿದ್ದೆ. ನಿನಗೆ ತಲೆನೋವು, ಬಾಯಿ ಒಣಗಿ ನೀರಿನ ಚೊಂಬು ಹುಡುಕುತ್ತಿದ್ದೆ. ಹತ್ತು ವರ್ಷ ದಾಟಿದರೂ ಚಾಪೆ ನೆನೆಯುತ್ತಿತ್ತು. ಆ ಸುದ್ದಿಯನ್ನು ಲೈನಿನ ಹುಡುಗರಿಗೆಲ್ಲ ಹಂಚಿದವನು ನಾನೇ. ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂದರೆ ಈಗ ಗೊತ್ತಾಯಿತು.

ಶಾಲೆಯಲ್ಲಿ ನೀನು ನಿದ್ದೆ ಮಾಡುತ್ತಿದ್ದೆ. ಮೇಷ್ಟ್ರು ಒಂದು ದಿನ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ನಿಂತಲ್ಲೇ ತೂಗಿ ಬಿದ್ದು ಗಲ್ಲ ಒಡೆದುಕೊಂಡು ಬಂದೆ. ಆ ಗುರುತು ಈಗಲೂ ಇದೆ. ಸೋಂಬೇರಿ ಅಂದರು, ಮಂಕು ಅಂದರು, ಅಪ್ಪನನ್ನು ಕರೆಸಿ ಹೇಳಿದರು. ಕುಂಭಕರ್ಣನ ತಂಗಿ ಅಂತ ಹೆಸರಿಟ್ಟವನು ನಿನ್ನ ತಮ್ಮ. ಏಳನೆಯ ಕ್ಲಾಸು ಎರಡು ಸಲ ಕೂತೆ, ಎರಡು ಸಲವೂ ಆಗಲಿಲ್ಲ. ಆಗ ಅಪ್ಪ ನಿನ್ನನ್ನು ರಾಬರ್ಟ್‌ಸನ್‌ಪೇಟೆಯ ಹೊಲಿಗೆ ಕ್ಲಾಸಿಗೆ ಹಾಕಿದ. ನಿನ್ನ ಪುಸ್ತಕಗಳು ನನಗೆ ಬಂದವು. ಅವುಗಳಲ್ಲಿ ಬರೆದಿದ್ದ ಲೆಕ್ಕಗಳೆಲ್ಲ ಸರಿಯಾಗಿದ್ದವು ಅಕ್ಕ. ಪುಟದ ಅರ್ಧದವರೆಗೆ ಸರಿಯಾಗಿ ಬಂದು, ಅಲ್ಲಿಂದ ಕೆಳಗೆ ಪೆನ್ಸಿಲ್ಲು ಜಾರಿದ ಒಂದು ಉದ್ದ ಗೆರೆ ಇರುತ್ತಿತ್ತು. ನಾನು ಅದನ್ನು ರಬ್ಬರಿನಿಂದ ಅಳಿಸಿ ಮುಂದಿನ ಲೆಕ್ಕ ಮಾಡುತ್ತಿದ್ದೆ.

ಇನ್ನು ರೈಲಿನ ವಿಷಯ. ಮೂವತ್ತೆರಡು ವರ್ಷದಿಂದ ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ. ನನಗೆ ಎಂಟು, ನಿನಗೆ ಹದಿಮೂರು. ಬಂಗಾರಪೇಟೆಯಲ್ಲಿ ದೊಡ್ಡಮ್ಮನ ಮನೆಯಿಂದ ನಾವಿಬ್ಬರೇ ಸಂಜೆಯ ಗಾಡಿಗೆ ಹೊರಟೆವು. ನಿನ್ನ ತೊಡೆಯ ಮೇಲೆ ದೊಡ್ಡಮ್ಮ ಕೊಟ್ಟ ಹುರಿಗಡಲೆ ಪೊಟ್ಟಣ. ಕೋರಮಂಡಲ್ ದಾಟುವಷ್ಟರಲ್ಲಿ ನೀನು ಮುಂದಿನ ಹಲಗೆಗೆ ಹಣೆ ಇಟ್ಟು ನಿದ್ದೆ. ಉರಿಗಾಂ ಬಂತು, ಹೋಯಿತು. ಚಾಂಪಿಯನ್ ಬಂತು. ಎಬ್ಬಿಸು ಅಂತ ಮನಸ್ಸು ಹೇಳಿತು, ಅದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಆದರೂ ಪೊಟ್ಟಣ ಎತ್ತಿಕೊಂಡು ಒಬ್ಬನೇ ಇಳಿದೆ. ಕುಂಭಕರ್ಣನ ತಂಗಿ ಕೊನೆಯ ಸ್ಟೇಷನ್ ಮಾರಿಕುಪ್ಪಂನಲ್ಲಿ ಕಣ್ಣು ಬಿಡುವಾಗ ಮುಖ ಹೇಗಿರುತ್ತದೆ ಅಂತ ನೆನೆಸಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ನಕ್ಕೆ. ನೀನು ಮಾರಿಕುಪ್ಪಂನಲ್ಲೂ ಏಳಲಿಲ್ಲ. ಅದೇ ಗಾಡಿ ನಿನ್ನನ್ನು ಹೊತ್ತುಕೊಂಡು ಮತ್ತೆ ಬಂಗಾರಪೇಟೆಗೆ ಹೋಯಿತು. ಅಮ್ಮ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಪಕ್ಕದ ದಾರಿಯಲ್ಲಿ ಹಳಿಗುಂಟ ನಿನ್ನ ಹೆಸರು ಕೂಗುತ್ತಾ ನಡೆದಳು. ನಾನು ಅವಳ ಹಿಂದೆ, ಜೇಬಿನಲ್ಲಿ ಹುರಿಗಡಲೆ. ಕತ್ತಲಾಗುವ ಹೊತ್ತಿಗೆ ಮುಂದಿನ ಗಾಡಿಯಲ್ಲಿ ನೀನು ಬಂದೆ, ಹಣೆಯ ಮೇಲೆ ಹಲಗೆಯ ಗೆರೆ. ಅಮ್ಮ ಎರಡೇಟು ಕೊಟ್ಟು ಕೇಳಿದಳು. ನೀನು ನನ್ನ ಕಡೆ ಒಂದು ಸಲ ನೋಡಿದೆ. "ನಾನೇ ಮಲಕ್ಕೊಂಬುಟ್ಟೆ ಅಮ್ಮ. ಅವ್ನು ಎಬ್ಬಿಸ್ದ, ನಂಗೇ ಎಚ್ರ ಆಗ್ಲಿಲ್ಲ."

ಅಷ್ಟು ಹೇಳಿ ನೀನು ಒಳಗೆ ಹೋದೆ. ನಾನು ಆ ಹುರಿಗಡಲೆಯನ್ನು ತಿನ್ನಲಾಗದೆ ಹಿತ್ತಲಿನ ಕೋಳಿಗೆ ಹಾಕಿದೆ.

ಇಷ್ಟೆಲ್ಲ ಇದ್ದೂ ನನ್ನ ಮಗ ಗೊರಕೆ ಹೊಡೆಯಲು ಶುರು ಮಾಡಿದಾಗ ನನಗೇನೂ ಹೊಳೆಯಲಿಲ್ಲ. ಎರಡು ವರ್ಷದ ಕೂಸು ಅಜ್ಜನ ಹಾಗೆ ಗೊರಕೆ ಹೊಡೆಯುತ್ತದೆ ಅಂತ ಹೆತ್ತವರಾದ ಅನುಗೂ ನನಗೂ ಹೆಮ್ಮೆ. ಬಂದವರಿಗೆಲ್ಲ ಕೇಳಿಸಿದೆವು. ಗಾಢ ನಿದ್ದೆ, ಗಟ್ಟಿ ಮಗು ಅಂದುಕೊಂಡೆವು. ಆಮೇಲೆ ಅವನು ಬೋರಲಾಗತೊಡಗಿದ, ನನ್ನ ಕೈ ತಿರುಗಿಸತೊಡಗಿತು. ಇಡೀ ದಿನ ಸ್ಟೋರ್ಸಿನಲ್ಲಿ ಪೆಟ್ಟಿಗೆಗಳ ಬಾಣದ ಗುರುತು ನೋಡಿ ತಲೆಕೆಳಗಾದದ್ದನ್ನು ನೆಟ್ಟಗೆ ಇಡುವವನು ನಾನು. ಮನೆಗೆ ಬಂದು ಮಗನನ್ನೂ ಹಾಗೇ ನೆಟ್ಟಗೆ ಇಟ್ಟೆ. ಅನು ಕೇಳಿದರೆ ನಮ್ಮ ಮನೆಯ ಪದ್ಧತಿ ಅಂದೆ. ಯಾಕೆ ಅಂತ ಕೇಳಿದರೆ ಉತ್ತರ ಹೇಳಬೇಕಾದವನು ಗೋಡೆಯ ಮೇಲೆ ಫೋಟೋದಲ್ಲಿದ್ದ.

ಏಳು ತಿಂಗಳ ಹಿಂದೆ ನೀನು ಅವನ ಹುಟ್ಟುಹಬ್ಬಕ್ಕೆ ಹೊಸ ಅಂಗಿ ಹೊಲಿದುಕೊಂಡು ಬಂದೆಯಲ್ಲ, ಆ ಮಧ್ಯಾಹ್ನ. ಊಟವಾಗಿ ಮಗು ಮಲಗಿತ್ತು. ನಾನು ದಾರಿಯಲ್ಲಿ ಹೋಗುವಾಗ ಕಾಲಿಗೆ ಸಿಕ್ಕ ಚಪ್ಪಲಿ ಸರಿಸುವಷ್ಟು ಸಲೀಸಾಗಿ ಅವನನ್ನು ತಿರುಗಿಸಿದೆ. ನೀನು ಎಲೆ ಅಡಿಕೆ ಬಾಯಿಗೆ ಇಡುತ್ತಿದ್ದವಳು ಹಾಗೇ ನಿಲ್ಲಿಸಿದೆ. "ತಿರುಗಿಸ್ಬ್ಯಾಡ ಕಣ್ಲಾ ವೇಣು. ಅವ್ನಿಗೆ ಅಂಗೇ ಉಸ್ರು ಸಿಕ್ತೈತೆ. ಅವ್ನ ಗಂಟ್ಲು ಕುಳಿ ನೋಡು, ಎಂಗೆ ಒಳಕ್ಕೋಯ್ತೈತೆ." ನೀನು ಮಗುವಿನ ಹತ್ತಿರ ಬಂದು, ಅವನ ಅಂಗಿಯ ಗುಂಡಿ ಬಿಚ್ಚಿ, ಅವನನ್ನು ಮೊದಲಿದ್ದ ಹಾಗೇ ಹೊರಳಿಸಿದೆ. ಅವನ ಉಸಿರು ಸರಿಯಾಯಿತು. ಅದು ನನ್ನ ಕಣ್ಣೆದುರಿಗೇ ಆಯಿತು ಅಕ್ಕ, ನಾನು ನೋಡಿದೆ. ನೋಡಿದ್ದಕ್ಕೇ ಸಿಟ್ಟು ಬಂತು. ಅಪ್ಪನಿಗಿಂತ ನಿನಗೆ ಗೊತ್ತಾ ಅಂದೆ. ನೀನು, ಗೊತ್ತು ಅಂದೆ. ಆಮೇಲೆ ನನ್ನ ಬಾಯಿಂದ ಬಂದ ಮಾತನ್ನು ಕೈಯಿಂದ ಬರೆಯಲು ಈಗ ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. "ಏಳ್ನೇ ಕ್ಲಾಸು ಪಾಸಾಗ್ದೋಳು ನಂಗೆ ಮಗು ಸಾಕೋದು ಏಳ್ಕೊಡ್ಬ್ಯಾಡ. ಅವ್ನೂ ನಿನ್ ತರ ಆಗೋದು ಬ್ಯಾಡ."

ನೀನು ಬೈಯಲಿಲ್ಲ. ಬ್ಯಾಗು ತೆಗೆದುಕೊಂಡು, ಅಮ್ಮನ ಕಾಲಿಗೆ ನಮಸ್ಕಾರ ಮಾಡಿ, ಹೊರಗೆ ಚಪ್ಪಲಿ ಮೆಟ್ಟುವಾಗ ಅನುವಿನ ಕಿವಿಯಲ್ಲಿ ಏನೋ ಹೇಳಿ ಹೋದೆ. ಏನು ಹೇಳಿದೆ ಅಂತ ಅನು ಆಮೇಲೆ ಹೇಳಿದಳು. ಮಗು ಮಲಗಿದಾಗ ಫೋನಿನಲ್ಲಿ ವಿಡಿಯೊ ಮಾಡು, ಉಸಿರು ನಿಂತಾಗ ಎಷ್ಟು ಹೊತ್ತು ಅಂತ ಎಣಿಸು, ಯಾರಾದರೂ ಡಾಕ್ಟರಿಗೆ ತೋರಿಸು, ವೇಣುಗೆ ಹೇಳಬೇಡ.

ಎರಡು ತಿಂಗಳ ಹಿಂದೆ ಚಂದನ್‌ನ ಟೀಚರ್ ಕರೆಸಿದರು. ಹುಡುಗ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ, ಎಚ್ಚರವಿದ್ದಾಗ ಸುಮ್ಮಸುಮ್ಮನೆ ರೇಗುತ್ತಾನೆ, ಬಣ್ಣ ಹಚ್ಚುತ್ತಾ ಹಚ್ಚುತ್ತಾ ತೂಗುತ್ತಾನೆ ಅಂದರು. ಅವನ ಪುಸ್ತಕ ತೋರಿಸಿದರು. ಒಂದು ಮಾವಿನ ಹಣ್ಣಿಗೆ ಅರ್ಧದವರೆಗೆ ಹಳದಿ ಬಣ್ಣ, ಅಲ್ಲಿಂದ ಕೆಳಗೆ ಕ್ರೇಯಾನು ಜಾರಿದ ಒಂದು ಉದ್ದ ಗೆರೆ. ಆ ಗೆರೆಯನ್ನು ನಾನು ಬೇರೆ ಕಡೆ ನೋಡಿದ್ದೆ. ಟೀಚರ್ ಮಾತಾಡುತ್ತಲೇ ಇದ್ದರು, ನನಗೆ ಮುಂದಿನದು ಏನೂ ಕೇಳಿಸಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮ ಅನು ಮಾಡಿದ್ದ ವಿಡಿಯೊ ನೋಡಿದರು. ಒಂದು ರಾತ್ರಿ ಅವನನ್ನು ಅಲ್ಲೇ ಮಲಗಿಸಿ, ಮೈಗೆಲ್ಲ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಗಂಟಲಿನ ಗಡ್ಡೆಗಳೂ ಮೂಗಿನ ಹಿಂದಿನ ಗಡ್ಡೆಯೂ ಊದಿ, ನಿದ್ದೆಯಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತಿದೆಯಂತೆ. ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ. ಅಷ್ಟು ಸಲ ಮಿದುಳು ಅವನನ್ನು ಅರೆಬರೆ ಎಬ್ಬಿಸಿ ಉಸಿರಾಡಿಸುತ್ತದೆ, ಅವನು ಎಷ್ಟು ಮಲಗಿದರೂ ನಿದ್ದೆ ಆಗುವುದಿಲ್ಲ. ಹೇಗೆ ಮಲಗುತ್ತಾನೆ ಅಂತ ಕೇಳಿದರು. ಹೇಳಿದೆ. ನಾನು ತಿರುಗಿಸುವುದನ್ನೂ ಹೇಳಿದೆ. "ಇವನಿಗೆ ಗಾಳಿ ಸಿಗೋ ದಾರಿ ಇವನೇ ಕಂಡ್ಕೊಂಡಿದ್ದಾನೆ. ನೀವು ತಿರುಗಿಸಿದಾಗೆಲ್ಲ ಅದು ಮುಚ್ತಾ ಇತ್ತು" ಅಂದರು. ಎಳೆ ಕೂಸುಗಳನ್ನು ಮಾತ್ರ ಅಂಗಾತವೇ ಮಲಗಿಸಬೇಕು, ಇಷ್ಟು ದೊಡ್ಡವರಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮಗ್ಗುಲಲ್ಲಿ ಸುಲಭವಾಗಬಹುದು, ಕೆಲವರಿಗೆ ಅಂಗಾತವೇ ಒಳ್ಳೆಯದು ಅಂತಲೂ ಹೇಳಿದರು. ಹೇಗೆ ಮಲಗಿಸಿದರೂ ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಗಡ್ಡೆ ತೆಗೆಯಬೇಕು ಅಂದರು. ಕೊನೆಗೆ ಪೆನ್ನು ಹಿಡಿದುಕೊಂಡು, ಮನೆಯಲ್ಲಿ ಇನ್ಯಾರಿಗಾದರೂ ಹೀಗಿತ್ತಾ ಅಂದರು.

ಇಲ್ಲ ಅಂತ ಹೇಳಲು ಬಾಯಿ ತೆರೆದೆ. ಅನು ನನ್ನ ಮುಖ ನೋಡುತ್ತಿದ್ದಳು. "ನಮ್ಮಕ್ಕನಿಗೆ" ಅಂದೆ. ಆಮೇಲೆ ಅರ್ಧ ಗಂಟೆ ಡಾಕ್ಟರಮ್ಮನ ಮುಂದೆ ನಿನ್ನ ಬಾಲ್ಯವನ್ನೆಲ್ಲ ಹೇಳಿದೆ. ಗಲ್ಲ ಒಡೆದದ್ದು, ಚೊಂಬು, ಚಾಪೆ, ಏಳನೆಯ ಕ್ಲಾಸು, ಎಲ್ಲ. ಅವರು ಬರೆದುಕೊಂಡರು. ಅಷ್ಟು ವರ್ಷ ನಾವು ಸೋಂಬೇರಿತನ ಅಂದದ್ದಕ್ಕೆ ಅವರ ಹಾಳೆಯಲ್ಲಿ ಬೇರೆ ಹೆಸರಿತ್ತು. ಅವರು ನಿನ್ನನ್ನು ನೋಡಿಲ್ಲ, ಹಾಗಾಗಿ ಖಂಡಿತ ಅಂತ ಹೇಳಲಾರೆ ಅಂದರು. ನನಗೆ ಮಾತ್ರ ಖಂಡಿತವಾಗಿ ಗೊತ್ತು. ಹದಿನೇಳರವರೆಗೆ ಎಣಿಸಿದವನು ನಾನು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕೇಳಿ, ಎದ್ದು ಒಳಗೆ ಹೋದಳು. ಟ್ರಂಕು ತೆಗೆದು, ಅಪ್ಪನ ಶಾಲಿನ ಕೆಳಗಿಂದ ಒಂದು ನೀಲಿ ಬಟ್ಟೆ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಆ ಫ್ರಾಕು. ನಲವತ್ತೈದು ವರ್ಷದ ನಿನ್ನನ್ನು ನೋಡಿ ಅಭ್ಯಾಸವಾದ ನನಗೆ ಅದು ಎಷ್ಟು ಚಿಕ್ಕದು ಅಂತ ಮರೆತುಹೋಗಿತ್ತು. ಬೀಜಗಳು ಇನ್ನೂ ಒಳಗಿದ್ದವು. ನಿನ್ನ ಅಂಗಡಿಯಲ್ಲಿ ಹೊಲಿಯುವ ಮಕ್ಕಳ ಬಟ್ಟೆಗೆ ನೀನು ಎದೆಯ ಮೇಲೆ ಒಂದು ಗುಂಡಿ, ಒಂದು ಜರಿ ಹೂವು ಕೂಡ ಇಡುವುದಿಲ್ಲ, ಎಲ್ಲಾ ಬೆನ್ನಿಗೇ ಇಡುತ್ತೀಯ ಅಂತ ಗಿರಾಕಿಗಳು ಗೊಣಗುತ್ತಾರಂತೆ. ಭಾವ ಅದನ್ನು ಹೇಳಿ ನಗುತ್ತಿದ್ದ, ನಾನೂ ನಕ್ಕಿದ್ದೆ.

ಆವತ್ತು ಅಮ್ಮ ಇನ್ನೊಂದು ವಿಷಯ ಹೇಳಿದಳು. ಅಪ್ಪನ ಕೊನೆಯ ಎರಡು ತಿಂಗಳು ನೀನು ಇಲ್ಲೇ ಇದ್ದೆ. ನಾನು ಹೊಸ ಕೆಲಸ, ಓವರ್‌ಟೈಮ್ ಅಂತ ಮನೆಗೆ ಬರುತ್ತಿದ್ದದ್ದೇ ಊಟಕ್ಕೆ. ಗಣಿಯ ಧೂಳು ಎದೆಯಲ್ಲಿ ಕೂತು ಅಪ್ಪನಿಗೆ ಅಂಗಾತ ಮಲಗಲು ಆಗುತ್ತಲೇ ಇರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ನೀನು ಹೊಲಿಗೆ ಮೆಷಿನ್ನಿನ ಸ್ಟೂಲು ಅವನ ಮುಂದೆ ಇಟ್ಟು, ಅದರ ಮೇಲೆ ಎರಡು ದಿಂಬು ಹಾಕಿ, ಅವನನ್ನು ಮುಂದಕ್ಕೆ ಬಾಗಿಸಿ ಮಲಗಿಸಿದೆಯಂತೆ. ಅಪ್ಪ ಮೊದಲು ಬೇಡ ಅಂದನಂತೆ. ಆಮೇಲೆ ದಿಂಬಿಗೆ ಮುಖ ಇಟ್ಟು, ಬೋರಲಾಗಿ, ಎಷ್ಟೋ ದಿನದ ಮೇಲೆ ನಿದ್ದೆ ಹೋದನಂತೆ. ಎದ್ದ ಮೇಲೆ ಅವನು ನಿನಗೆ ಹೇಳಿದ್ದನ್ನು ಅಮ್ಮ ಅಡುಗೆಮನೆಯ ಬಾಗಿಲಿನಿಂದ ಕೇಳಿಸಿಕೊಂಡಿದ್ದಳು. "ಇಂಗೆ ಬೋರ್ಲಾದ್ರೆ ಎದೆ ಅಗುರಾಯ್ತದೆ ಕಣಮ್ಮ. ನೀನು ಸಣ್ಣೋಳಿದ್ದಾಗ ಕೇಳಿದ್ದು ಇಷ್ಟೇ ಅಲ್ವಾ? ನಾನು ಕೊಡ್ಲಿಲ್ಲ."

"ಇರ್ಲಿ ಬಿಡಪ್ಪ. ಮಲಕ್ಕೋ" ಅಂದೆಯಂತೆ ನೀನು.

ಹದಿನೈದು ವರ್ಷ ಈ ಮಾತನ್ನು ಇಟ್ಟುಕೊಂಡಿದ್ದೆಯಲ್ಲ ಅಕ್ಕ. ಅಪ್ಪನಿಗಿಂತ ನಿನಗೆ ಗೊತ್ತಾ ಅಂತ ನಾನು ಕೇಳಿದಾಗ, ಅಪ್ಪನೇ ಒಪ್ಪಿಕೊಂಡಿದ್ದಾನೆ ಅಂತ ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ನೀನು ಹೇಳಲಿಲ್ಲ. ರೈಲಿನ ದಿನವೂ ಹೇಳಲಿಲ್ಲ. ನನ್ನ ಮೇಲೆ ನಿನಗೆ ಇಷ್ಟು ಕರುಣೆ ಇರುವುದು ನನಗೆ ಒಮ್ಮೊಮ್ಮೆ ಸಹಿಸಲಾಗುವುದಿಲ್ಲ. ಒಂದು ಸಲವಾದರೂ ಬಂದು ಕಪಾಳಕ್ಕೆ ಹೊಡೆ. ಕ್ಷಮಿಸು ಅನ್ನುವುದನ್ನು ನಾನು ಯಾವತ್ತೂ ತಮಾಷೆಗಲ್ಲದೆ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಆ ಏಳನೆಯ ಕ್ಲಾಸಿನ ಮಾತಿಗೆ, ಚಾಪೆಯ ಸುದ್ದಿಗೆ, ಅರ್ಧ ಬನ್ನಿಗೆ ನಿನ್ನ ನಿದ್ದೆ ಮಾರಿಕೊಂಡದ್ದಕ್ಕೆ, ಕ್ಷಮಿಸು.

ಚಂದನ್‌ಗೆ ಶುಕ್ರವಾರ ಆಪರೇಷನ್. ಗುರುವಾರ ಬೆಳಗ್ಗೆಯೇ ಇಲ್ಲಿಂದ ಹೊರಡುತ್ತೇವೆ. ಚಿಕ್ಕ ಆಪರೇಷನ್ ಅನ್ನುತ್ತಾರೆ, ಐದು ವರ್ಷದವನಿಗೆ ಮಂಪರಿನ ಮದ್ದು ಕೊಡುವುದು ಅಂದರೆ ನನಗೆ ಚಿಕ್ಕದಲ್ಲ. ಅವನಿಗೆ ಒಂದೇ ಹಟ, ಟೈಲರ್ ಅತ್ತೆ ಬರಬೇಕು. ಯಾಕೋ ಅಂದರೆ, ಅತ್ತೆ ಆದರೆ ನನ್ನನ್ನು ತಿರುಗಿಸುವುದಿಲ್ಲ ಅನ್ನುತ್ತಾನೆ. ಒಂದೇ ಒಂದು ಮಧ್ಯಾಹ್ನ ನೋಡಿದ್ದು, ಅದೂ ಅರೆನಿದ್ದೆಯಲ್ಲಿ. ಮಕ್ಕಳಿಗೆ ಎಲ್ಲಾ ತಿಳಿಯುತ್ತದೆ.

ಇನ್ನೊಂದು, ಬೈಯಬೇಡ. ಡಾಕ್ಟರಮ್ಮನ ಹತ್ತಿರ ನಿನಗೂ ಶನಿವಾರಕ್ಕೆ ಹೆಸರು ಬರೆಸಿದ್ದೇನೆ. ಭಾವ ಎಲ್ಲಾ ಹೇಳಿದ್ದಾನೆ. ನೀನು ಈಗಲೂ ತಲೆನೋವಿನಿಂದಲೇ ಏಳುತ್ತೀಯಂತೆ, ಮೆಷಿನ್ನಿನ ಮುಂದೆ ತೂಗಿ ಹೋದ ತಿಂಗಳು ಸೂಜಿ ಬೆರಳಿನೊಳಗೆ ಹೋಯಿತಂತೆ, ನಿದ್ದೆಯಲ್ಲಿ ನಿನ್ನ ಉಸಿರು ನಿಂತರೆ ಭಾವ ಭುಜ ಅಲುಗಾಡಿಸಿ ಕಾಯುತ್ತಾನಂತೆ. ಈ ವಯಸ್ಸಿಗೂ ಪರೀಕ್ಷೆ ಇದೆ, ಔಷಧೋಪಚಾರ ಇದೆ, ತಡವಾಗಿಲ್ಲ ಅಂದರು. ತಡವಾಗಿಲ್ಲ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ ನೋಡು, ಕೇಳಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟೆ. ಅನು ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದಾಳೆ.

ನಿನ್ನೆ ಆ ಫ್ರಾಕಿನ ಹೊಲಿಗೆ ಬಿಚ್ಚಿದೆ. ನಿನ್ನಷ್ಟು ನೀಟಾಗಿ ಬರಲಿಲ್ಲ, ಬ್ಲೇಡಿನಿಂದ ಸ್ವಲ್ಪ ಬಟ್ಟೆಯೂ ಹರಿಯಿತು. ಹತ್ತೊಂಬತ್ತು ಬೀಜ ಸಿಕ್ಕವು. ನಾಲ್ಕನ್ನು ಸೀಳಿ ಚೌಕಾಬಾರ ಆಡಲು ಚಂದನ್‌ಗೆ ಕೊಟ್ಟೆ. ಉಳಿದವು ಅಮ್ಮನ ಹತ್ತಿರ ಇವೆ. ಅವಳು ಅವನ್ನು ಒಂದು ತಟ್ಟೆಯಲ್ಲಿ ಹಾಕಿ ಬಿಸಿಲಿಗೆ ಇಟ್ಟಿದ್ದಾಳೆ.

ಮಗು ಈಗಷ್ಟೇ ಒಮ್ಮೆ ಕೊಸರಿಕೊಂಡು, ಕತ್ತು ಇನ್ನೂ ಸ್ವಲ್ಪ ಮೇಲೆತ್ತಿ, ಮತ್ತೆ ನಿದ್ದೆ ಹೋದ. ನಾನು ಪೆನ್ನು ಬಿಡಲಿಲ್ಲ.

ಬುಧವಾರ ಸಂಜೆಯ ಗಾಡಿಗೆ ಬಾ. ಕಿಟಕಿಯ ಪಕ್ಕ ಕೂತು, ಮುಂದಿನ ಹಲಗೆಗೆ ಹಣೆ ಇಟ್ಟು, ನಿನಗೆ ಹೇಗೆ ಬೇಕೋ ಹಾಗೆ ಮಲಗು. ಕೋರಮಂಡಲ್ ಹೋಗಲಿ, ಉರಿಗಾಂ ಹೋಗಲಿ, ಚಾಂಪಿಯನ್ ಕೂಡ ಹೋಗಲಿ. ಈ ಸಲ ನಾನು ಮಾರಿಕುಪ್ಪಂನಲ್ಲೇ ನಿಂತಿರುತ್ತೇನೆ.

ಕೋಲಾರಮ್ಮ ನಿನ್ನ ಒಂದೊಂದು ಉಸಿರನ್ನೂ ಕಾಯಲಿ. ನಿನ್ನ ಕೈ ನನ್ನ ಮಗನ ಬೆನ್ನ ಮೇಲಿರಲಿ.

ಹುರಿಗಡಲೆ ಪೊಟ್ಟಣದ ಸಮೇತ ಕಾಯುತ್ತಿರುವ
ನಿನ್ನ ತಮ್ಮ
ವೇಣು